ರಟ್ಟೆಯ ಹಿಂದಿನಿಂದ ಇಳಿಯುವ ನರ

ವೈದ್ಯಕೀಯ ಕಾಲೇಜಿನಲ್ಲಿ ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ತೋಳಿನ ಸರದಿ ಬರುವಷ್ಟರಲ್ಲಿ ರಟ್ಟೆಯ ಪಾಠ ನಮಗೆಲ್ಲ ಬಾಯಿಗೆ ಬಂದಿತ್ತು. ಮುಂಭಾಗದಲ್ಲಿ ಬೈಸೆಪ್ಸ್, ಬ್ರೇಕಿಯಾಲಿಸ್, ಕೊರಾಕೊಬ್ರೇಕಿಯಾಲಿಸ್ ಎಂಬ ಸ್ನಾಯುಗಳು, ಹಿಂಭಾಗದಲ್ಲಿ ಟ್ರೈಸೆಪ್ಸ್. ಮುಂದಿನವಕ್ಕೆ ಮಸ್ಕ್ಯುಲೋಕ್ಯುಟೇನಿಯಸ್ ನರ, ಹಿಂದಿನದಕ್ಕೆ ರೇಡಿಯಲ್ ನರ. ದೇಹದಾನ ಮಾಡಿದ ಹಿರಿಯರೊಬ್ಬರ ತೋಳನ್ನು ಮೇಜಿನ ಮೇಲೆ ಚಾಚಿಟ್ಟು ಚರ್ಮ ಬಿಡಿಸಿದೆವು. ಪುಸ್ತಕದ ಕೆಂಪು, ನೀಲಿ, ಹಳದಿ ಯಾವುದೂ ಅಲ್ಲಿರಲಿಲ್ಲ. ಕೆಡದಂತೆ ಕಾಪಿಡುವ ಫಾರ್ಮಲಿನ್ ದ್ರಾವಣ ಕುಡಿದ ದೇಹದಲ್ಲಿ ಎಲ್ಲವೂ ಮಾಸಲು ಕಂದು. ಯಾವುದು ನರ, ಯಾವುದು ರಕ್ತನಾಳ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ನರ ಹೊಸೆದ ದಾರದ ಹಾಗೆ ಗಟ್ಟಿಯಾಗಿ ಬೆರಳಡಿ ಉರುಳುತ್ತದೆ. ಧಮನಿಯನ್ನು ಒತ್ತಿದರೆ ದಪ್ಪ ಗೋಡೆಯ ಒಳಗೆ ಟೊಳ್ಳು ಸಿಗುತ್ತದೆ. ಅಭಿಧಮನಿ ತೆಳ್ಳಗೆ, ಚಪ್ಪಟೆಯಾಗಿ ಬಿದ್ದಿರುತ್ತದೆ.

ನಾನು ಫೋರ್ಸೆಪ್ಸ್ ಚಿಮಟದಲ್ಲಿ ಒಂದು ನರ ಎತ್ತಿ ಹೆಸರು ಹೇಳಲು ಬಾಯಿ ತೆರೆದಾಗ ಪಾಠ ಹೇಳುವ ಮೇಡಂ ತಡೆದರು. "ಹೆಸರು ಆಮೇಲೆ ಹೇಳು. ಎಲ್ಲಿಂದ ಬಂತು, ಯಾವುದರೊಳಗೆ ತೂರಿತು, ಎಲ್ಲಿಗೆ ಹೋಗ್ತಿದೆ, ಅದನ್ನ ತೋರಿಸು."

ಹಾಗೆ ಹುಡುಕಿದರೆ ಮೊದಲು ಸಿಗುವುದು ಮಸ್ಕ್ಯುಲೋಕ್ಯುಟೇನಿಯಸ್. ಅದು ಕೊರಾಕೊಬ್ರೇಕಿಯಾಲಿಸ್ ಸ್ನಾಯುವನ್ನೇ ತೂರಿಕೊಂಡು ಬರುವುದರಿಂದ ಗುರುತು ತಪ್ಪುವುದು ಅಪರೂಪ. ಅಲ್ಲಿಂದ ಬೈಸೆಪ್ಸ್ ಮತ್ತು ಬ್ರೇಕಿಯಾಲಿಸ್ ನಡುವೆ ಇಳಿದು, ಕೊನೆಗೆ ಮುಂಗೈಯ ಹೊರಬದಿಯ ಚರ್ಮಕ್ಕೆ ಸ್ಪರ್ಶ ಕೊಡುವ ನರವಾಗಿ ಮುಂದುವರಿಯುತ್ತದೆ. ಬೈಸೆಪ್ಸ್ ಎತ್ತಿ ಹಿಡಿದಾಗ ಅಡಿಯಲ್ಲಿ ಮೂಳೆಗೆ ಅಂಟಿಕೊಂಡ ಅಗಲವಾದ ಬ್ರೇಕಿಯಾಲಿಸ್ ಕಂಡಿತು. ಮೆಚ್ಚುಗೆಯೆಲ್ಲ ಮೇಲಿನ ಬೈಸೆಪ್ಸ್‌ಗೆ. ಆದರೆ ಅಂಗೈ ಯಾವ ಕಡೆ ತಿರುಗಿದ್ದರೂ ಮೊಣಕೈ ಮಡಿಸುವ ಮುಖ್ಯ ಕೆಲಸ ಈ ಬ್ರೇಕಿಯಾಲಿಸ್‌ನದು. ಬೈಸೆಪ್ಸ್‌ನ ತುದಿ ಮುಂಗೈಯ ಹೆಬ್ಬೆರಳ ಬದಿಯ ರೇಡಿಯಸ್ ಮೂಳೆಗೆ ಸೇರುವುದರಿಂದ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಬಲವೂ ಅದರದ್ದೇ. ಮೊಣಕೈ ಮಡಿಸಿಟ್ಟುಕೊಂಡು ಅಂಗೈಯನ್ನು ಮೇಲಕ್ಕೆ ತಿರುಗಿಸಿ ನೋಡಿ, ರಟ್ಟೆ ಉಬ್ಬುವುದು ಇನ್ನೊಂದು ಕೈಗೆ ತಿಳಿಯುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ತೋಳಿನ ಒಳಬದಿ. ಬಿ.ಪಿ. ನೋಡುವಾಗ ಸ್ಟೆತಾಸ್ಕೋಪ್ ಇಟ್ಟು ಆಲಿಸುವ ಬ್ರೇಕಿಯಲ್ ಧಮನಿ ಅಲ್ಲೇ ಇಳಿಯುತ್ತದೆ. ಮೀಡಿಯನ್ ನರ ಮೊದಲು ಅದರ ಹೊರಬದಿಗಿದ್ದು, ರಟ್ಟೆಯ ನಡುಮಧ್ಯದಲ್ಲಿ ಸಾಮಾನ್ಯವಾಗಿ ಧಮನಿಯ ಮುಂದಿನಿಂದ ಹಾದು ಒಳಬದಿಗೆ ಬರುತ್ತದೆ. ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಅಲ್ನಾರ್ ನರ ಮುಂದಿನ ಹಿಂದಿನ ಸ್ನಾಯುಗಳ ನಡುವಿನ ಪೊರೆಯನ್ನು ತೂರಿ ಹಿಂದಕ್ಕೆ ಸರಿಯುತ್ತದೆ. ಮೊಣಕೈಯ ಒಳಗಂಟಿಗೆ ಏಟು ಬಿದ್ದಾಗ ಕಿರುಬೆರಳಿನ ತನಕ ಜುಮ್ಮೆನ್ನುವುದು ಈ ನರದಿಂದಲೇ. ಇವೆರಡೂ ರಟ್ಟೆಯ ಸ್ನಾಯುಗಳಿಗೆ ಒಂದು ಕೊಂಬೆಯನ್ನೂ ಬಿಡದೆ ಮುಂಗೈಗೆ ಇಳಿಯುತ್ತವೆ. ನಮ್ಮ ಪಕ್ಕದ ಮೇಜಿನ ದೇಹದಲ್ಲಿ ಬೈಸೆಪ್ಸ್‌ಗೆ ಸಾಮಾನ್ಯವಾಗಿರುವ ಎರಡು ತಲೆಗಳ (ಸ್ನಾಯು ಹೊರಡುವ ಕವಲುಗಳ) ಜೊತೆಗೆ ಮೂರನೆಯ ತಲೆಯೊಂದಿತ್ತು. ಅದನ್ನು ನೋಡಲು ಇಡೀ ಬ್ಯಾಚ್ ಅಲ್ಲಿ ಮುತ್ತಿಕೊಂಡಿತು.

ಆಮೇಲೆ ದೇಹವನ್ನು ಬೋರಲು ಮಲಗಿಸಿ, ಟ್ರೈಸೆಪ್ಸ್‌ನ ಉದ್ದ ತಲೆಯನ್ನೂ ಹೊರತಲೆಯನ್ನೂ ಬೆರಳಿನಿಂದಲೇ ಬಿಡಿಸಿದೆವು. ಆಳದಲ್ಲಿ ರೇಡಿಯಲ್ ನರ, ಜೊತೆಗೆ ಬ್ರೇಕಿಯಲ್ ಧಮನಿಯ ಆಳದ ಕವಲಾದ ಪ್ರೊಫಂಡಾ ಧಮನಿ. ಎರಡೂ ರಟ್ಟೆಯ ಮೂಳೆಯಾದ ಹ್ಯೂಮರಸ್‌ನ ಹಿಂಭಾಗದಲ್ಲಿ ಓರೆಯಾಗಿ ಇಳಿದಿದ್ದವು. ನರದ ಕೆಳಗೆ ಬೆರಳು ತೂರಿಸಿದರೆ ತಾಗುವುದು ಮೂಳೆಯೇ, ನಡುವೆ ಮೆತ್ತೆಯೆನ್ನುವಂಥದ್ದು ಏನೂ ಇಲ್ಲವೆನ್ನುವಷ್ಟು. ಇಷ್ಟು ಮುಖ್ಯವಾದ ನರ ಇಷ್ಟು ಬಿಗಿಯಾಗಿ ಮೂಳೆಗೆ ಒರಗಿರುವುದನ್ನು ಕಂಡು ನನಗೆ ದಿಗಿಲಾಯಿತು. ಮೇಡಂ ಹೇಳಿದರು: "ಮೂಳೆ ಇಲ್ಲಿ ಮುರಿದ್ರೆ ಏನಾಗುತ್ತೆ, ಯೋಚಿಸು."

ಅದಕ್ಕೆ ಪೂರ್ತಿ ಉತ್ತರ ಸಿಕ್ಕಿದ್ದು ಎಷ್ಟೋ ಕಾಲದ ನಂತರ, ಮೂಳೆ ಚಿಕಿತ್ಸೆಯ ಆರ್ಥೋಪೆಡಿಕ್ಸ್ ಡ್ಯೂಟಿಯಲ್ಲಿ. ಬಿದ್ದು ರಟ್ಟೆಯ ಮೂಳೆ ಮುರಿದುಕೊಂಡ ಯುವಕನೊಬ್ಬನ ಮಣಿಕಟ್ಟು ಜೋತುಬಿದ್ದಿತ್ತು. ಎತ್ತಲು ಹೇಳಿದರೆ ಮುಖ ಬಿಗಿಯಾಗುತ್ತಿತ್ತು, ಕೈ ಏಳುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ, ಕೈಯ ಹಿಂಬದಿಯಲ್ಲಿ, ಹತ್ತಿ ಸೋಕಿಸಿದ್ದೂ ಅವನಿಗೆ ತಿಳಿಯಲಿಲ್ಲ. ಆದರೆ ಟ್ರೈಸೆಪ್ಸ್ ಮೇಲೆ ಬೆರಳಿಟ್ಟು ಮೊಣಕೈ ಚಾಚಲು ಪ್ರಯತ್ನಿಸೆಂದಾಗ ಸ್ನಾಯು ಗಟ್ಟಿಯಾಯಿತು. ಟ್ರೈಸೆಪ್ಸ್‌ಗೆ ಹೋಗುವ ಕೊಂಬೆಗಳು ಬಹುಪಾಲು ಮೇಲೆಯೇ ಕವಲೊಡೆದಿರುತ್ತವೆ, ಆದ್ದರಿಂದ ಪೆಟ್ಟು ಅದರ ಕೆಳಗೆ, ಅಂದು ನಾನು ಬೆರಳು ತೂರಿಸಿದ್ದ ಜಾಗದ ಆಸುಪಾಸಿನಲ್ಲೇ ಬಿದ್ದಿತ್ತು. ಎಕ್ಸ್‌ರೇಯಲ್ಲಿಯೂ ಮುರಿತ ಅಲ್ಲೇ ಕಂಡಿತು.

"ಕೈ ಹೋಯ್ತಾ ಡಾಕ್ಟ್ರೇ?" ಎಂದ. ಇಂಥ ಮುರಿತದಲ್ಲಿ ನರ ತುಂಡಾಗುವುದಕ್ಕಿಂತ ಜಜ್ಜಿ ಸುಮ್ಮನಾಗುವುದೇ ಹೆಚ್ಚು, ಬಹಳ ಜನರಲ್ಲಿ ತಾನಾಗಿ ಚೇತರಿಸುತ್ತದೆ ಎಂದು ಹೇಳಿದೆ. ನರದ ಎಳೆ ಮತ್ತೆ ಬೆಳೆಯಬೇಕಾಗಿ ಬಂದರೆ ದಿನಕ್ಕೆ ಸುಮಾರು 1 ಮಿಲಿಮೀಟರ್, ಹಾಗಾಗಿ ತಿಂಗಳುಗಳೇ ಹಿಡಿಯಬಹುದು. ಹತ್ತಿರದ ಸ್ನಾಯು ಮೊದಲು, ಆಮೇಲೆ ಮಣಿಕಟ್ಟು, ಬೆರಳುಗಳು ಕೊನೆಗೆ. ಅಲ್ಲಿಯವರೆಗೆ ಮಣಿಕಟ್ಟಿಗೆ ಆಸರೆಯಾಗಿ ಕಟ್ಟುವ ಸ್ಪ್ಲಿಂಟ್ ಬಿಚ್ಚಿಡಬಾರದು, ಬೆರಳ ಕೀಲುಗಳು ಬಿಗಿಯದಂತೆ ಇನ್ನೊಂದು ಕೈಯಿಂದ ದಿನವೂ ಮಡಿಸಿ ಬಿಡಿಸಬೇಕು ಎಂದು, ಅವನ ಎಡಗೈಯನ್ನು ಹಿಡಿದು ಮಾಡಿ ತೋರಿಸಿದೆ.