ಜೈಲಿನ ಹೊರಗೆ ಉಳಿದವರು

ಅಪ್ಪ ಜೈಲಿಗೆ ಹೋದಾಗ ಮಗುವಿಗೆ ‘ದೂರದೂರಲ್ಲಿ ಕೆಲಸಕ್ಕಿದ್ದಾರೆ’ ಅಂದುಬಿಡುತ್ತಾರೆ. ದಯವಿಟ್ಟು ಬೇಡ. ನಿಜ ಸಂಗತಿ ಶಾಲೆಯಲ್ಲಿ ಯಾರದೋ ಬಾಯಿಂದ ಗೊತ್ತಾದರೆ ಮಗು ಮನೆಯಲ್ಲಿರುವವರನ್ನೂ ನಂಬುವುದಿಲ್ಲ. ಎಲ್ಲಿದ್ದಾರೆ, ಹೇಗಿದ್ದಾರೆ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ, ಇಷ್ಟು ಹೇಳಿದರೂ ಸಾಕು. ಭೇಟಿಗೆ ಕರೆದೊಯ್ಯುವ ಮುಂಚೆ ತಪಾಸಣೆ ಇರುತ್ತದೆ, ತುಂಬಾ ಹೊತ್ತು ಕಾಯಬೇಕು, ನಡುವೆ ಗಾಜೋ ಜಾಲರಿಯೋ ಇದ್ದು ಅಪ್ಪನನ್ನು ಮುಟ್ಟಲಾಗದೆ ಇರಬಹುದು ಅಂತಲೂ ತಿಳಿಸಿ. ಇಲ್ಲದಿದ್ದರೆ ಮಗು ಅಲ್ಲೇ ಕಂಗಾಲಾಗುತ್ತದೆ. ಸಿಗುವ ಸ್ವಲ್ಪ ಹೊತ್ತೂ ವಕೀಲರ ಫೀಸು, ಸಾಲದ ಮಾತಲ್ಲೇ ಕಳೆದುಹೋಗುತ್ತದೆ. ಮೊದಲ ಮಾತು ಮಗುವಿನದಾಗಲಿ.

ಜೈಲಿನೊಳಗಿನ ಶಿಸ್ತುಕ್ರಮದ ಹೆಸರಲ್ಲಿ ಕುಟುಂಬದ ಸಂಪರ್ಕವನ್ನೇ ನಿಷೇಧಿಸಬಾರದು ಎನ್ನುತ್ತದೆ, 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಹೇಳುವ ಮಂಡೇಲಾ ನಿಯಮಗಳ 43ನೇ ನಿಯಮ. ಇದು ಕೈದಿಗಷ್ಟೇ ಅಲ್ಲ, ಏನೂ ತಪ್ಪು ಮಾಡದ ಆ ಮಗುವಿಗೂ ಬೇಕಾದದ್ದು.