48 ಕೆ.ಜಿ. 200 ಗ್ರಾಂ

ಅಡಿಕೆ ತೂಗುವ ಯಂತ್ರದ ಮೇಲೆ ಅಕ್ಕನ ಮಗಳು ಬರಿಗಾಲಲ್ಲಿ ನಿಂತಿದ್ದಳು. 2025ರ ಡಿಸೆಂಬರ್ 28, ಭಾನುವಾರ, ಬೆಳಗಿನ ಐದು ಗಂಟೆ. ಉಸಿರು ಬಿಗಿಹಿಡಿದರೆ ತೂಕ ಇಳಿಯುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಇಬ್ಬರೂ ಬಿಗಿಹಿಡಿದಿದ್ದೆವು. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ತೊನೆದಾಡಿ 48.00ಕ್ಕೆ ನಿಂತವು. ಆ ದಿನದ ಬಾಕ್ಸಿಂಗ್ ಆಯ್ಕೆ ಪಂದ್ಯಗಳಲ್ಲಿ ಅವಳ ವಿಭಾಗಕ್ಕೆ ಅದೇ ಮಿತಿ.

"ಸಾಕು, ಇಳಿ ಕೂಸೇ" ಎಂದೆ. ನಮ್ಮ ಕಡೆ ಹವ್ಯಕರ ಮನೆಗಳಲ್ಲಿ ಹೆಣ್ಣುಮಗಳು ಎಷ್ಟು ದೊಡ್ಡವಳಾದರೂ ಕೂಸೇ. ಇವಳಿಗೆ ಹದಿನೆಂಟು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಗಂಜಿತಿಳಿಯ ಲೋಟ ಹಿಡಿದು ನಿಂತಿದ್ದಳು. ಕೂಸು ತಲೆಯಾಡಿಸಿ ಬೇಡವೆಂದಳು. ಹಿಂದಿನ ಮಧ್ಯಾಹ್ನದಿಂದ ಅವಳ ಹೊಟ್ಟೆಗೆ ಹೋದದ್ದು ಅರ್ಧ ಚಪಾತಿ ಮತ್ತು ನಾಲ್ಕು ಗುಟುಕು ನೀರು. "ಆ ಕುಸ್ತಿಯ ವಿನೇಶ್ ಫೋಗಟ್ ನೂರು ಗ್ರಾಂ ಹೆಚ್ಚಾಗಿ ಒಲಿಂಪಿಕ್ಸ್ ಫೈನಲ್ ಕಳೆದುಕೊಂಡದ್ದನ್ನು ನೀವಿಬ್ಬರೂ ಮರೆತಿದ್ದೀರಾ?" ಎಂದು ಅಕ್ಕ ನನ್ನನ್ನೇ ನೋಡಿ ಕೇಳಿದಳು. ಮಗಳನ್ನು ಬಾಕ್ಸಿಂಗಿಗೆ ಹಚ್ಚಿದವನು ನಾನೇ ಎಂಬುದು ಅವಳ ದೂರು. ಅದು ನಿಜವೂ ಹೌದು. ಇಪ್ಪತ್ತು ವರ್ಷಗಳಿಂದ ಹಗುರ ತೂಕದವರ ಪಂದ್ಯಗಳನ್ನು ಬಿಡದೆ ನೋಡುತ್ತಾ ಬಂದಿದ್ದೇನೆ, ಪಕ್ಕದಲ್ಲಿ ಕುಳಿತು ನೋಡುತ್ತಲೇ ಇವಳು ಬೆಳೆದಳು. ಪ್ಲಸ್ ವನ್‌ಗೆ (ಹನ್ನೊಂದನೇ ತರಗತಿಗೆ) ಸೇರಿದಾಗ ಅಲ್ಲಿ ಬಾಕ್ಸಿಂಗ್ ಹೇಳಿಕೊಡುವ ಮಾಷ್, ಎಂದರೆ ಮೇಷ್ಟ್ರು, ಒಬ್ಬರು ಸಿಕ್ಕಿದರು. ಮನೆಗೆ ಬಂದು "ಮಾವ, ನಾನು ಹೆಸರು ಕೊಟ್ಟೆ" ಎಂದಳು, ಅಷ್ಟೇ.

ಬದಿಯಡ್ಕದಿಂದ ಚೆರ್ಕಳದ ಮೇಲೆ ಕಾಸರಗೋಡಿಗೆ ಹೋಗುವ ಬಸ್ಸಿನಲ್ಲಿ ಆ ಹೊತ್ತಿಗೆ ಜನ ಕಡಿಮೆ. ಹೊರಗೆ ಇನ್ನೂ ಮಂಜು. ಹಸಿವನ್ನು ಮರೆಸಲು ಹಿಂದಿನ ದಿನದ ಪಂದ್ಯಗಳ ಮಾತು ತೆಗೆದೆ. ರಿಯಾದ್‌ನಲ್ಲಿ ಜಪಾನಿನ ಇಬ್ಬರು ಒಂದೇ ದಿನ ರಿಂಗ್‌ಗೆ ಇಳಿದಿದ್ದರು. ನವೊಯಾ ಇನೌಯೆ ಮೆಕ್ಸಿಕೋದ ಅಲನ್ ಪಿಕಾಸೊನನ್ನು ಅಂಕಗಳಲ್ಲಿ ನಿರಾಯಾಸವಾಗಿ ಸೋಲಿಸಿದ. ಅದಕ್ಕೆ ಮೊದಲು ಜುಂಟೊ ನಕತಾನಿ ಇನ್ನೊಬ್ಬ ಮೆಕ್ಸಿಕನ್ ಸೆಬಾಸ್ಟಿಯನ್ ಹೆರ್ನಾಂಡೆಸ್‌ನನ್ನು ಗೆದ್ದ, ಆದರೆ ಏದುಸಿರು ಬಿಟ್ಟು ಗೆದ್ದ. ಮೂವರು ತೀರ್ಪುಗಾರರಲ್ಲಿ ಇಬ್ಬರು ಕೊಟ್ಟದ್ದು 115-113. ಆ ದಿನಕ್ಕೆ ಇನೌಯೆಯೂ 32 ಪಂದ್ಯಗಳಲ್ಲಿ ಸೋಲಿಲ್ಲದವನು, ನಕತಾನಿಯೂ 32ರಲ್ಲಿ ಸೋಲಿಲ್ಲದವನು. ಜಪಾನ್ ಆಗ ಕಾಯುತ್ತಿದ್ದುದು ಇವರಿಬ್ಬರು ಎದುರುಬದುರಾಗುವುದನ್ನು.

"ನಕತಾನಿಗೆ ನಿನ್ನೆ ಏನಾಯಿತು ಮಾವ? ಬ್ಯಾಂಟಮ್‌ನಲ್ಲಿ ಎಲ್ಲರನ್ನೂ ಮಲಗಿಸುತ್ತಿದ್ದನಲ್ಲ?"

ಆದದ್ದು ಇಷ್ಟೇ: ಅವನು ಒಂದು ವರ್ಗ ಮೇಲೆ ಬಂದಿದ್ದ, ಆ ವರ್ಗದಲ್ಲಿ ಅದು ಅವನ ಮೊದಲ ಪಂದ್ಯ. 118 ಪೌಂಡಿನ ಬ್ಯಾಂಟಮ್‌ನಿಂದ 122ಕ್ಕೆ, ಎಂದರೆ ಎರಡು ಕಿಲೋಗೂ ಕಡಿಮೆ. ಎಂಬತ್ತು ಕಿಲೋದ ಆಳಿಗೆ ಎರಡು ಕಿಲೋ ಎಂದರೆ ಒಂದು ಒಳ್ಳೆಯ ಊಟ ಮತ್ತು ಒಂದು ಚೊಂಬು ನೀರು. ಐವತ್ತಮೂರರ ಮೈಗೆ ಅದು ಬೇರೆಯದೇ ಲೆಕ್ಕ. ಕೆಳಗಿನ ವರ್ಗದಲ್ಲಿ ಎದುರಾಳಿಯನ್ನು ಹಿಂದಕ್ಕೆ ತಳ್ಳುತ್ತಿದ್ದ ಹೊಡೆತವನ್ನು ಮೇಲಿನ ವರ್ಗದವನು ತಿಂದುಕೊಂಡು ಮುಂದೆ ಬರುತ್ತಾನೆ. ಹೆರ್ನಾಂಡೆಸ್ ಮಾಡಿದ್ದು ಅದನ್ನೇ.

ಆದರೂ ನಕತಾನಿಯನ್ನು ನಾನು ತಳ್ಳಿಹಾಕಲಿಲ್ಲ. ಎತ್ತರ ಇದೆ, ಉದ್ದ ಕೈ ಇದೆ, ಎಡಗೈ ಬಾಕ್ಸರ್. ಇನೌಯೆ ಅಲ್ಲಿಯವರೆಗೆ ನೆಲಕ್ಕೆ ಬಿದ್ದದ್ದು ಎರಡೇ ಬಾರಿ, 2024ರ ಮೇಯಲ್ಲಿ ಟೋಕಿಯೊ ಡೋಮ್‌ನಲ್ಲಿ ಲೂಯಿಸ್ ನೇರಿಯ ಎದುರು, 2025ರ ಮೇಯಲ್ಲಿ ಲಾಸ್ ವೇಗಸ್‌ನಲ್ಲಿ ರಾಮೋನ್ ಕಾರ್ಡೆನಾಸ್‌ನ ಎದುರು. ಎರಡು ಸಲವೂ ತಾಗಿದ್ದು ಎಡಗೈ. ಎರಡು ಸಲವೂ ಎದ್ದು ಬಂದು ಅವರನ್ನು ಮುಗಿಸಿದ ಎಂಬುದು ಬೇರೆ ಮಾತು. ಅವರಿಬ್ಬರು ಎದುರಾದರೆ, ನನ್ನ ಆಗಿನ ಎಣಿಕೆಯಲ್ಲಿ, ಮೊದಲ ಐದಾರು ಸುತ್ತು ನಕತಾನಿಯದ್ದು, ಆಮೇಲೆ ಇನೌಯೆ ಪಕ್ಕೆಗೆ ಹೊಡೆಯಲು ಶುರುಮಾಡುತ್ತಾನೆ. 2019ರಲ್ಲಿ ಡೊನೇರ್‌ನಂಥ ಗಟ್ಟಿಗನನ್ನು ಹನ್ನೊಂದನೇ ಸುತ್ತಿನಲ್ಲಿ ಮೊಣಕಾಲಿಗೆ ತಂದದ್ದು ಆ ಹೊಡೆತವೇ. ಉದ್ದ ಮೈಯವನಿಗೆ ಪಕ್ಕೆ ಮುಚ್ಚಿಕೊಳ್ಳುವುದು ಸುಲಭವಲ್ಲ.

"ಟೆಕ್ಸಾಸ್‌ನ ಬ್ಯಾಮ್ ರಾಡ್ರಿಗಸ್ ಮೇಲೆ ಬಂದರೆ?" ಎಂದಳು. ಬ್ಯಾಮ್ ಎಂದು ಕರೆಯುವ ಜೆಸ್ಸಿ ರಾಡ್ರಿಗಸ್‌ಗೆ ಆಗಿನ್ನೂ ಇಪ್ಪತ್ತೈದು. ಎಸ್ಟ್ರಾಡಾ, ಮಾರ್ಟಿನೆಸ್‌ರಂಥ ಚಾಂಪಿಯನ್‌ಗಳನ್ನು ಮಲಗಿಸಿದವನು. ಅವನ ಕಾಲ್ಚಳಕವನ್ನು ನೋಡುವುದೇ ಒಂದು ಸುಖ. ಅವಸರ ಮಾಡದೆ ಬ್ಯಾಂಟಮ್‌ನಲ್ಲಿ ಒಂದೆರಡು ವರ್ಷ ಕಳೆದು ಬಂದರೆ ಅವನೇ ಎಲ್ಲರಿಗೂ ತಲೆನೋವು ಎಂದೆ.

ಚೆರ್ಕಳ ದಾಟಿದ ಮೇಲೆ ಮಾತು ನಮ್ಮವರ ಕಡೆ ಹೊರಳಿತು. ಮಾವ-ಸೊಸೆ ನಿಜವಾಗಿ ಜಗಳವಾಡುವುದು ಇಲ್ಲಿಯೇ. ಅವಳು ಮೀನಾಕ್ಷಿ ಹೂಡಾ ಪಕ್ಷ. ರೋಹ್ತಕ್ ಬಳಿಯ ಹಳ್ಳಿಯ ಆಟೋ ಚಾಲಕನ ಮಗಳು, 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನಲ್ಲಿ 48 ಕೆ.ಜಿ. ವಿಭಾಗದ ವಿಶ್ವ ಚಾಂಪಿಯನ್ ಆದವಳು. ನಾನು ನಿಖತ್ ಜರೀನ್ ಪಕ್ಷ, ನಿಜಾಮಾಬಾದಿನಿಂದ ಬಂದು 2022 ಮತ್ತು 2023ರಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆದವಳು. ಇಬ್ಬರೂ ಬೇರೆ ಬೇರೆ ವಿಭಾಗದಲ್ಲಿ ಇರುವಷ್ಟು ದಿನ ಜಗಳಕ್ಕೆ ಅರ್ಥವಿರಲಿಲ್ಲ. ಈಗ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಅತಿ ಹಗುರ ವಿಭಾಗ 51 ಕೆ.ಜಿ. ಅಲ್ಲಿ 48 ಇಲ್ಲವೇ ಇಲ್ಲ. ಮೀನಾಕ್ಷಿಗೆ ಒಲಿಂಪಿಕ್ಸ್ ಬೇಕಿದ್ದರೆ ಅವಳು ಹತ್ತಬೇಕಾದದ್ದು ನಿಖತ್ ನಿಂತಿರುವ ಮೆಟ್ಟಿಲಿಗೇ. ನೀತು ಘಂಘಾಸ್ ಕೂಡ ಅಷ್ಟೇ. 2023ರಲ್ಲಿ 48ರಲ್ಲಿ ವಿಶ್ವ ಚಾಂಪಿಯನ್ ಆದ ಹುಡುಗಿ ಅವಳು, ಮರುವರ್ಷ ಪ್ಯಾರಿಸಿನ ಪಟ್ಟಿ 50ರಿಂದಲೇ ಶುರುವಾಗಿತ್ತು.

"ಮೀನಾಕ್ಷಿಯ ಕೈ ಉದ್ದ. ನಿಖತ್ ಹತ್ತಿರ ಬರುವ ಮೊದಲೇ ಜಾಬ್ ಮುಖಕ್ಕೆ ಬಿದ್ದಿರುತ್ತದೆ" ಎಂದಳು ಕೂಸು, ಎದುರಿನ ಸೀಟಿನ ಬೆನ್ನಿಗೆ ಎಡಗೈ ನೇರ ಚಾಚಿ ಆ ಹೊಡೆತವನ್ನು ತೋರಿಸುತ್ತಾ.

"ಒಂದು ಸುತ್ತು ಬೀಳುತ್ತದೆ. ಎರಡನೆಯದರಲ್ಲಿ ನಿಖತ್ ಒಳಗೆ ನುಗ್ಗುತ್ತಾಳೆ. 51ರಲ್ಲಿ ಹೊಡೆತ ತಿಂದು ಅಭ್ಯಾಸವಿದೆ ಅವಳಿಗೆ."

"ಲಿವರ್‌ಪೂಲ್‌ನಲ್ಲಿ ಟರ್ಕಿಯವಳ ಎದುರು 0-5 ಆಯಿತಲ್ಲ?"

ಆಗಿತ್ತು. ಎರಡು ಒಲಿಂಪಿಕ್ ಬೆಳ್ಳಿ ಗೆದ್ದ ಬುಸೆ ನಾಜ್ ಚಾಕಿರೋಲು ಎದುರು ಆದದ್ದು. ಅದಕ್ಕೆ ಉತ್ತರವಾಗಿ ನಾನು ಆ ದಿನದ ತಾರೀಖನ್ನು ನೆನಪಿಸಿದೆ. ಸರಿಯಾಗಿ ಆರು ವರ್ಷ ಹಿಂದೆ, 2019ರ ಡಿಸೆಂಬರ್ 28ರಂದು, ದೆಹಲಿಯಲ್ಲಿ ಇದೇ 51 ಕೆ.ಜಿ.ಯ ಆಯ್ಕೆ ಪಂದ್ಯದಲ್ಲಿ ನಿಖತ್ ಮೇರಿ ಕೋಮ್ ಎದುರು 1-9ರಿಂದ ಸೋತಿದ್ದಳು. ಆ ಪಂದ್ಯ ಸುಮ್ಮನೆ ಸಿಕ್ಕಿದ್ದಲ್ಲ. ನನಗೂ ಆಡುವ ಅವಕಾಶ ಕೊಡಿ ಎಂದು ಕ್ರೀಡಾ ಸಚಿವರಿಗೆ ಪತ್ರ ಬರೆದು ಕೇಳಿ ಪಡೆದದ್ದು. ಆಗ ಅವಳಿಗೆ ಇಪ್ಪತ್ತಮೂರು. ಎರಡೂವರೆ ವರ್ಷದಲ್ಲಿ ಇಸ್ತಾನ್‌ಬುಲ್‌ನಲ್ಲಿ ಚಿನ್ನ. ಈಗ ಆ ಎತ್ತರದ ಜಾಗದಲ್ಲಿ ನಿಖತ್ ಇದ್ದಾಳೆ, ಕೆಳಗಿನಿಂದ ಹತ್ತಿ ಬರಬೇಕಾದವಳು ಮೀನಾಕ್ಷಿ. ಯಾರು ಗೆದ್ದರೂ ನನ್ನ ಎದೆ ಉಬ್ಬುತ್ತದೆ, ಸೋತವಳಿಗಾಗಿ ಕರುಳು ಹಿಂಡುತ್ತದೆ ಎಂದೆ. ಕೂಸು ಮಾತಾಡಲಿಲ್ಲ.

ವಿದ್ಯಾನಗರದ ಹತ್ತಿರದ ಒಂದು ಶಾಲೆಯಲ್ಲಿ ಆಯ್ಕೆ ಪಂದ್ಯಗಳು. ಕ್ರಿಸ್‌ಮಸ್ ರಜೆಯಾದ್ದರಿಂದ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿದ್ದರು. ಬಾಗಿಲಲ್ಲಿ ಒಬ್ಬರು "ತೂಕ್ಕಂ! ತೂಕ್ಕಂ!" ಎಂದು ಕೂಗುತ್ತಿದ್ದರು. ಕಾಸರಗೋಡಿನಲ್ಲಿ ಎಷ್ಟೋ ಮಾತುಗಳಿಗೆ ಒಬ್ಬರಿಗೊಬ್ಬರು ಅರ್ಥ ಹೇಳಿಕೊಳ್ಳಬೇಕಾಗುತ್ತದೆ, ಇದಕ್ಕೆ ಬೇಕಾಗಲಿಲ್ಲ. ತುಳು, ಕನ್ನಡ, ಮಲಯಾಳದ ಮಕ್ಕಳೆಲ್ಲ ಬರಿಗಾಲಲ್ಲಿ ಒಂದೇ ಸಾಲಿನಲ್ಲಿ ನಿಂತರು.

ಹುಡುಗಿಯರನ್ನು ಒಳಕೋಣೆಗೆ ಕರೆದರು. ಎರಡು ನಿಮಿಷದಲ್ಲಿ ಕೂಸು ಹೊರಗೆ ಬಂದಳು. ಮುಖ ನೋಡಿಯೇ ತಿಳಿಯಿತು. 48.20.

ನಮ್ಮ ಅಡಿಕೆಯ ಯಂತ್ರ ಸುಳ್ಳು ಹೇಳಿತ್ತು. ಅಡಿಕೆಗೆ ಇನ್ನೂರು ಗ್ರಾಂ ಯಾರೂ ಲೆಕ್ಕ ಹಿಡಿಯುವುದಿಲ್ಲ, ನಾವು ಅದನ್ನು ನಂಬಿಕೊಂಡು ಬಂದಿದ್ದೆವು. ಮಾಷ್ ಗಡಿಯಾರ ನೋಡಿದರು. ತೂಕ ಮುಗಿಸಲು ಐವತ್ತು ನಿಮಿಷವಿತ್ತು. "51ಕ್ಕೆ ಬರೆಸಿಬಿಡೋಣ. ಈಗಲೇ ಹೋಗಿ ತಿಂಡಿ ತಿನ್ನು" ಎಂದರು. ಅವರು ಆರು ತಿಂಗಳಿಂದ ಹೇಳುತ್ತಿರುವುದು ಅದನ್ನೇ. ಪಕ್ಕದ ಕಣ್ಣೂರಿನ ಕೆ.ಸಿ. ಲೇಖಾ 2006ರಲ್ಲಿ 75 ಕೆ.ಜಿ.ಯಲ್ಲಿ ವಿಶ್ವ ಚಾಂಪಿಯನ್ ಆದದ್ದನ್ನು ಹೇಳಿ, ಹುಡುಗಿಯರು ಹಸಿದು ಗೆಲ್ಲಬೇಕಾಗಿಲ್ಲ, ತಿಂದು ಗೆಲ್ಲಬಹುದು ಎನ್ನುವುದು ಅವರ ಮಾತು.

ಕೂಸು ಕೇಳಲಿಲ್ಲ. ಚೀಲದಿಂದ ಮಳೆಗಾಲದ ಪ್ಲಾಸ್ಟಿಕ್ ಕೋಟು ತೆಗೆದು, ಸ್ವೆಟರಿನ ಮೇಲೆ ಹಾಕಿಕೊಂಡು ಮೈದಾನಕ್ಕೆ ಇಳಿದಳು.

ವೃತ್ತಿಪರರಿಗೆ ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ಅವರು ಯಂತ್ರದಿಂದ ಇಳಿದು ಒಂದು ದಿನವಿಡೀ ಕುಡಿದು ತಿಂದು ಸುಧಾರಿಸಿಕೊಳ್ಳಬಹುದು. ಇಲ್ಲಿ ಬೆಳಿಗ್ಗೆ ತೂಕ, ಮಧ್ಯಾಹ್ನವೇ ಪಂದ್ಯ, ಗೆದ್ದರೆ ಮುಂದಿನ ಪಂದ್ಯದ ದಿನ ಮತ್ತೆ ತೂಕ. ಇದನ್ನೆಲ್ಲ ಬಾಯಿಪಾಠದಂತೆ ಬಲ್ಲ ನಾನು ಮುರಕಲ್ಲಿನ ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದೆ. ಹತ್ತು ಸುತ್ತು ಓಡಿದಳು, ಹಗ್ಗದಾಟ ಆಡಿದಳು, ಮತ್ತೆ ಓಡಿದಳು. ನಡುವೆ ಒಮ್ಮೆ ನನ್ನ ಪಕ್ಕ ಕುಳಿತು ಕೋಟಿನ ತೋಳನ್ನು ಕೆಳಗೆ ಮಾಡಿ ಹಿಡಿದಳು. ಒಳಗೆ ಕಟ್ಟಿಕೊಂಡಿದ್ದ ಬೆವರು ಸಣ್ಣ ಧಾರೆಯಾಗಿ ಮೆಟ್ಟಿಲ ಮೇಲೆ ಸುರಿದು, ಕೆಂಪು ಕಲ್ಲು ಅದನ್ನು ಹೀರಿ ಕಪ್ಪಾಯಿತು. ತುಟಿ ಒಡೆದು ಬಿಳಿಚಿಕೊಂಡಿತ್ತು. ಬೆರಳು ಮುಟ್ಟಿದೆ, ಆ ಬಿಸಿಲಲ್ಲೂ ತಣ್ಣಗಿತ್ತು.

"ಕೂಸೇ, ಬಿಟ್ಟುಬಿಡು" ಎಂದೆ. "ಇನೌಯೆ ಮೊದಲ ಪಟ್ಟ ಗೆದ್ದದ್ದು 49 ಕಿಲೋದ ಒಳಗೆ, 2014ರ ಏಪ್ರಿಲ್‌ನಲ್ಲಿ. ಆ ತೂಕಕ್ಕೆ ಇಳಿಯುವುದರಲ್ಲೇ ಮೈ ಸೋತು ಹೋಗುತ್ತಿತ್ತು ಅವನಿಗೆ. ಅದೇ ವರ್ಷದ ಕೊನೆಗೆ ಎರಡು ವರ್ಗ ಹಾರಿ 52ಕ್ಕೆ ಹೋಗಿ ನಾರ್ವಾಯೆಸ್‌ನನ್ನು ಎರಡೇ ಸುತ್ತಿನಲ್ಲಿ ಮುಗಿಸಿದ."

"ಗೊತ್ತು ಮಾವ, ನೀವೇ ತೋರಿಸಿದ್ದು" ಎಂದು ಎದ್ದು ಹೋದಳು.

ಅದನ್ನು ಕೇಳಿ ನನಗೆ ಬಹಳ ಸಂಕಟವಾಯಿತು. ಸ್ಟುಡಿಯೋದ ಬೆಳಕಿನಲ್ಲಿ ಒಣಗಿದ ಕೆನ್ನೆಯ ಬಾಕ್ಸರ್‌ಗಳು ಯಂತ್ರದ ಮೇಲೆ ನಿಂತು ತೋಳು ಮಡಚಿ ತೋರಿಸುವುದನ್ನು ಎಷ್ಟೊಂದು ಬಾರಿ ಖುಷಿಯಿಂದ ನೋಡಿದ್ದೇನೆ. ಯಾವತ್ತೂ ಅವರ ಬೆರಳು ತಣ್ಣಗಿರಬಹುದು ಎಂದು ಯೋಚಿಸಿರಲಿಲ್ಲ. ಇವನು ಕೆಳಗಿಳಿದು ಅವನೊಡನೆ ಆಡಲಿ, ಅವನು ಮೇಲೆ ಬರಲಿ ಎಂದು ಕುಳಿತಲ್ಲಿಯೇ ಜೋಡಿ ಹೊಂದಿಸುತ್ತಿದ್ದೆ.

ಕೊನೆಗೆ 47.95 ತೋರಿಸಿತು. ಮಾಷ್ ಕೊಟ್ಟ ಉಪ್ಪು-ಸಕ್ಕರೆಯ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದೆವು. ಹನ್ನೊಂದು ಗಂಟೆಗೆ ಜೋಡಿಗಳ ಪಟ್ಟಿ ಗೋಡೆಗೆ ಅಂಟಿಸಿದರು. 48ರ ಎದುರು ಒಂದೇ ಹೆಸರು, ಇವಳದ್ದು. ಎದುರಾಳಿ ಇಲ್ಲ.

ಅಷ್ಟು ಬೆವರು ಹರಿಸಿದ್ದು ವಾಕೋವರಿಗಾಗಿ. ಇವಳು ಗ್ಲೌಸ್ ಹಾಕಿಕೊಂಡು ರಿಂಗಿನ ಮೂಲೆಗೆ ಹೋಗಿ ನಿಂತಳು, ರೆಫರಿ ಕೈ ಎತ್ತಿ ಹಿಡಿದರು, ಇಳಿದು ಬಂದಳು. ಯಾರೋ ಚಪ್ಪಾಳೆ ತಟ್ಟಿದರು. ರಾಜ್ಯಮಟ್ಟಕ್ಕೆ ಆಯ್ಕೆಯಾಗಿದ್ದಳು.

ಮುಂದಿನದು 51ರ ಫೈನಲ್. ನೀಲೇಶ್ವರ ಕಡೆಯ ಒಬ್ಬಳು, ಕುಳ್ಳಗೆ, ಗಟ್ಟಿಮುಟ್ಟಾಗಿ, ಗದ್ದವನ್ನು ಎದೆಗೆ ಒತ್ತಿಕೊಂಡು ಬರುವವಳು. ಎದುರಾಳಿಯನ್ನು ಹಗ್ಗಕ್ಕೆ ಒತ್ತಿ ಎಡ ಹುಕ್, ಬಲ ಹುಕ್, ಮತ್ತೆ ಎಡ. ಮೂರು ನಿಮಿಷದ ಮೂರು ಸುತ್ತಿನಲ್ಲಿ ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ. ಕೂಸು ಮಡಿಲಲ್ಲಿ ಎರಡೂ ಮುಷ್ಟಿ ಇಟ್ಟುಕೊಂಡು ನೋಡುತ್ತಿದ್ದಳು. ಅವಳು ಹುಕ್ ಬೀಸಿದಾಗಲೆಲ್ಲ ಇವಳ ಎಡಭುಜ ಮುಂದಕ್ಕೆ ಚಿಮ್ಮುತ್ತಿತ್ತು, ಅಂಗುಲದಷ್ಟು, ಜಾಬ್ ಹೊರಡುವ ಜಾಗದಿಂದ. ಮೂರನೇ ಸುತ್ತಿನ ಹೊತ್ತಿಗೆ ನಾನು ರಿಂಗ್ ಬಿಟ್ಟು ಆ ಭುಜವನ್ನೇ ನೋಡುತ್ತಿದ್ದೆ.

ಪಂದ್ಯ ಮುಗಿದ ಮೇಲೆ ಇವಳೇ ಎದ್ದು ಆ ಹುಡುಗಿಯ ಹತ್ತಿರ ಹೋದಳು. ಮಲಯಾಳದಲ್ಲಿ ಏನೋ ಮಾತಾಡಿಕೊಂಡರು, ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಎತ್ತರ ಅಳೆದು ನಕ್ಕರು. ಇವಳು ನಾಲ್ಕು ಬೆರಳು ಎತ್ತರ.

ಬಸ್ಸಿನಲ್ಲಿ ಮೂರು ಬಾಳೆಹಣ್ಣು ತಿಂದು ನಿದ್ದೆ ಹೋದಳು. ಮನೆ ಸೇರುವಾಗ ಸಂಜೆಯಾಗಿತ್ತು. ಅಕ್ಕ ಪದಕವನ್ನು ಕೈಯಲ್ಲಿ ಹಿಡಿದು ನೋಡಿ ದೇವರ ಕೋಣೆಯಲ್ಲಿಟ್ಟಳು, ಕುಚ್ಚಲಕ್ಕಿ ಗಂಜಿಗೆ ತುಪ್ಪ ಸುರಿದು ತಂದಳು. ಕೂಸು ಎರಡು ಬಟ್ಟಲು ಉಂಡಳು, ಉಪ್ಪಿನಕಾಯಿ ನೆಕ್ಕಿದಳು, ಒಂದು ಚೊಂಬು ನೀರು ಕುಡಿದಳು. ಆಮೇಲೆ ಅಂಗಳಕ್ಕೆ ಹೋಗಿ ಅಡಿಕೆಯ ಯಂತ್ರದ ಗುಂಡಿ ಒತ್ತಿ ಮೇಲೆ ಹತ್ತಿದಳು.

"49.60. ಇನ್ನೂರು ಗ್ರಾಂ ಸೇರಿಸಿದರೆ 49.80. ಅಲ್ಲವಾ ಮಾವ?"

"ಹೌದು."

"51ಕ್ಕೆ ಇನ್ನೂ ಒಂದು ಕಿಲೋ ಇನ್ನೂರು ಇದೆ" ಎಂದಳು. ಇಳಿಯದೆ ಅಲ್ಲಿಂದಲೇ ಒಳಗೆ ಕೂಗಿದಳು, "ಅಮ್ಮಾ, ಗಂಜಿ ಉಳಿದಿದೆಯಾ?"