ಅವರೆಗೆ ಜ್ವರ ಬಂದ ಬೆಳಗ್ಗೆ

ಸಂಕ್ರಾಂತಿಗೆ ಮುಂಚಿನ ಶನಿವಾರ, ಬೆಳಗ್ಗೆ 6:40. ನಮ್ಮ ಸಂಘದ ಮಳಿಗೆಯ ಗೋಡೌನ್ ಶಟರ್ ಎತ್ತಿದಾಗ ಮೂಗಿಗೆ ಬಡಿದದ್ದು ಹಸಿ ಅವರೆಯ ಸೊಗಡಲ್ಲ. ಬೇಯಿಸಿಟ್ಟ ಅವರೆಯ ಪಾತ್ರೆಯನ್ನು ರಾತ್ರಿಯಿಡೀ ಮುಚ್ಚಿಟ್ಟು ಬೆಳಗ್ಗೆ ತೆರೆದರೆ ಒಂದು ವಾಸನೆ ಬರುತ್ತದಲ್ಲ, ಅದು. ಮೇಲಿನ ಚೀಲ ಮುಟ್ಟಿದರೆ ತಣ್ಣಗಿತ್ತು. ಮಧ್ಯದ ಸಾಲಿನದನ್ನು ಎಳೆದು, ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿದರೆ ಒಳಗೆ ಬೆಚ್ಚಗೆ, ಅಂಟಂಟು. ಹಾಲಿನ ಕೌಂಟರಿನ ಥರ್ಮಾಮೀಟರ್ ತರಿಸಿ ಚುಚ್ಚಿದೆವು: 36 ಡಿಗ್ರಿ. ಗೋಡೌನಿನ ಗಾಳಿ 17. ಹೊರಗೆ ಆಗಲೇ ಶಾಮಿಯಾನ ಕಟ್ಟಿಯಾಗಿತ್ತು, ‘ಸದಸ್ಯರ ಅವರೆ ಹಬ್ಬ’ ಬ್ಯಾನರ್ ಏರಿತ್ತು. ಎಂಟಕ್ಕೆ ಮಳಿಗೆ ಬಾಗಿಲು.

ಹಿಂದಿನ ದಿನ ಮಾಲು ಇಳಿಸಿಕೊಂಡವನು ನಾನೇ. 22 ಚೀಲ, ಚೀಲಕ್ಕೆ ಹೆಚ್ಚುಕಡಿಮೆ 55 ಕೆಜಿ, ಗೇಟ್ ತೂಕ 1,210. ಮಾಮೂಲಿ ಶನಿವಾರಕ್ಕೆ ನಮ್ಮ ಇಂಡೆಂಟ್, ಅಂದರೆ ಮಾಲಿನ ಬೇಡಿಕೆ ಪಟ್ಟಿ, 300 ಕೆಜಿ ದಾಟುವುದಿಲ್ಲ. ಹಬ್ಬ ಎಂದಾಕ್ಷಣ ಆಡಳಿತ ಮಂಡಳಿಯವರು ನಾಲ್ಕರಿಂದ ಗುಣಿಸಿದರು. ಎರಡು ದಿನಕ್ಕೆ ಎರಡು ಲೋಡ್ ಮಾಡೋಣ ಅಂದರೆ ಬಾಡಿಗೆ ಎರಡಾಗುತ್ತದೆ ಅಂದರು. ಮಾಗಡಿ ಕಡೆಯ ಬೆಳೆಗಾರ ಸದಸ್ಯರು ಇಬ್ಬನಿ ಆರುವ ಮೊದಲೇ ಕಿತ್ತು ಗೋಣಿಗೆ ತುಂಬಿದ್ದರು. ಹನ್ನೊಂದಕ್ಕೆ ಬರಬೇಕಿದ್ದ ಗಾಡಿ ಇನ್ನೆರಡು ಕಡೆ ಲೋಡ್ ಹತ್ತಿಸಿಕೊಂಡು ಬಂದಾಗ ಸಂಜೆ ನಾಲ್ಕೂಕಾಲು. ಅಂದರೆ ಒದ್ದೆ ಕಾಯಿ, ಬಿಗಿ ಗೋಣಿ, ಮೇಲೆ ಮಧ್ಯಾಹ್ನದ ಬಿಸಿಲು. ಆ ಹೊತ್ತಿಗೆ ಮಾಡಬೇಕಿದ್ದದ್ದು ಒಂದೇ ಕೆಲಸ, ಚೀಲ ಸುರಿದು ಹರಡುವುದು. ನಾನು ಮಾಡಿಸಿದ್ದೇನು? ಗೋಡೆಗೆ ಒತ್ತಿ ನಾಲ್ಕು ಎತ್ತರದ ಅಟ್ಟಿ ಹಾಕಿಸಿ, ಇಲಿಗೆ ಹೆದರಿ ಮೇಲೆ ಟಾರ್ಪಾಲು ಹೊದಿಸಿದೆ. ‘ಜನವರಿ ಚಳಿ ತಾನೆ, ಗೋಡೌನೇ ಫ್ರಿಜ್ಜು’ ಎಂದು ಲೋಡರ್ ಹುಡುಗರಿಗೆ ಹೇಳಿದ್ದೂ ನಾನೇ. ಈ ಮಾತನ್ನು ಅವರು ಇವತ್ತಿಗೂ ಮರೆಯಲು ಬಿಟ್ಟಿಲ್ಲ.

ಕಿತ್ತ ಕಾಯಿ ಸತ್ತಿರುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆಯನ್ನೇ ಸುಟ್ಟು ಶಾಖ, ನೀರು, ಇಂಗಾಲದ ಡೈಆಕ್ಸೈಡ್ ಹೊರಗೆ ಬಿಡುತ್ತದೆ. ಅದರಲ್ಲೂ ಹಸಿ ಬಟಾಣಿ, ಹುರುಳಿಕಾಯಿ, ಅವರೆ ಜಾತಿಯವು ಆಲೂಗಡ್ಡೆ ಈರುಳ್ಳಿಯ ಹಾಗೆ ಮೆಲ್ಲಗೆ ಉಸಿರಾಡುವವಲ್ಲ, ಏದುಸಿರಿನವು. ಬಿಸಿ 10 ಡಿಗ್ರಿ ಏರಿದರೆ ಈ ಉಸಿರಾಟ ಎರಡು ಮೂರು ಪಟ್ಟಾಗುತ್ತದೆ. ಆ ಬಿಸಿ ಹೊರಗೆ ಹೋಗದಿದ್ದರೆ ಒಳಗಿನ ಉಷ್ಣ ಇನ್ನೂ ಏರುತ್ತದೆ, ಏರಿದಷ್ಟೂ ಕಾಯಿ ಮತ್ತೂ ಜೋರಾಗಿ ಉಸಿರಾಡುತ್ತದೆ. 27ರಲ್ಲಿ ಒಳಗೆ ಬಂದ ಚೀಲ, ಗಂಟೆಗೆ ಅರ್ಧ ಮುಕ್ಕಾಲು ಡಿಗ್ರಿ ಏರಿದರೂ ಹದಿನಾಲ್ಕು ಗಂಟೆಯಲ್ಲಿ ಎಲ್ಲಿಗೆ ಮುಟ್ಟುತ್ತದೆ ಲೆಕ್ಕ ಹಾಕಿ. ಹೊರಗಿನ ಚಳಿ ತಾಗುವುದು ಅಟ್ಟಿಯ ಹೊರಮೈಗೆ ಮಾತ್ರ. ನಡುವಿನ ಚೀಲಕ್ಕೆ ಸುತ್ತಲಿನ ಚೀಲಗಳೇ ಕಂಬಳಿ. ಅದರ ಮೇಲೆ ನನ್ನ ಟಾರ್ಪಾಲು.

ಇಲ್ಲಿಗೆ ನಿಂತಿದ್ದರೆ ನಷ್ಟ ಅರ್ಧವಾಗುತ್ತಿತ್ತು. ಏಳು ಗಂಟೆಗೆ ಎರಡನೇ ತಪ್ಪು ಮಾಡಿದೆ. ಬಿಸಿಯಾಗಿದೆ, ತಣ್ಣಗೆ ಮಾಡಬೇಕು. ತಲೆಯಲ್ಲಿ ಓಡಿದ್ದು ಇಷ್ಟೇ. ಸಂಪಿನ ಪೈಪು ಎಳೆಸಿ, ಸಿಮೆಂಟ್ ನೆಲಕ್ಕೆ ಸುರಿದಿದ್ದ ಆರೇಳು ಚೀಲದ ಕಾಯಿಯ ಮೇಲೆ ನೀರು ಬಿಡಿಸಿದೆ. ಹುಡುಗರು ಎರಡೂ ಕೈಯಿಂದ ತಿರುವಿ ತಿರುವಿ ನೆನೆಸಿದರು. ಹತ್ತು ನಿಮಿಷ ಕಾಯಿ ಹಸಿರಾಗಿ ಫಳಫಳ ಅಂತು. ನನಗೂ ಜೀವ ಬಂದ ಹಾಗಾಯಿತು. ಮಾರ್ಕೆಟ್ ಮೇಲ್ವಿಚಾರಕರು ಬಂದು ಒಂದು ಕಾಯಿ ಎತ್ತಿ ಬೆರಳಿನಲ್ಲಿ ಉಜ್ಜಿ, ಮೂಸಿ, ಏನೂ ಹೇಳದೆ ಪೈಪಿನ ನಲ್ಲಿ ತಿರುಗಿಸಿದರು. ಆ ಮೌನಕ್ಕಿಂತ ಬೈದಿದ್ದರೆ ವಾಸಿ ಇತ್ತು.

ಸೊಗಡಿರುವುದು ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿ. ಅವರೆ ಬಿಡಿಸಿದವರ ಉಗುರು ಕಪ್ಪಾಗುವುದು, ಸೋಪು ಹಾಕಿದರೂ ಬೆರಳಿನ ಘಮ ಸಂಜೆವರೆಗೆ ಹೋಗದಿರುವುದು ಎಲ್ಲ ಅದರಿಂದಲೇ. ಬಿಸಿಯಲ್ಲಿ ಸಡಿಲವಾದ ಜಿಡ್ಡು, ಮೇಲೆ ನೀರು, ಜೊತೆಗೆ ಉಜ್ಜಾಟ, ಇನ್ನೇನು ಉಳಿದೀತು? ಬೆಂದು ಬಾಡಿದ ಸಿಪ್ಪೆಯ ಮೇಲೆ ನೀರು ನಿಂತರೆ ಕಾಯಿಯ ಹೊಲಿಗೆಗುಂಟ ಕಂದು ಗೆರೆ ಏಳುತ್ತದೆ, ಮಧ್ಯಾಹ್ನಕ್ಕೆ ಅದು ಕಪ್ಪು. ದೊಡ್ಡ ಪ್ಯಾಕ್‌ಹೌಸುಗಳಲ್ಲಿ ಹುರುಳಿಕಾಯಿಯನ್ನು ನೀರಿನಿಂದಲೇ ತಣಿಸುವುದುಂಟು, ನಿಜ. ಅಲ್ಲಿನ ನೀರು ಐಸಿನಷ್ಟು ತಣ್ಣಗೆ, ಕ್ಲೋರಿನ್ ಹಾಕಿದ್ದು, ಅಲ್ಲಿಂದ ಕಾಯಿ ನೇರ ಕೋಲ್ಡ್ ರೂಮಿಗೆ. ನಮ್ಮ ಸಂಪಿನ ನೀರಿಗೂ ಅದಕ್ಕೂ ಸಂಬಂಧವಿಲ್ಲ.

ಆಮೇಲಿನ ಐವತ್ತು ನಿಮಿಷ ಸರಿಯಾದ ಕೆಲಸ ನಡೆಯಿತು, ಅದೂ ಮೇಲ್ವಿಚಾರಕರ ಮಾತಿನಂತೆ. ಶಾಮಿಯಾನದ ಟಾರ್ಪಾಲು, ಹಳೆ ಬ್ಯಾನರು, ಸಿಕ್ಕಿದ್ದೆಲ್ಲ ಹಾಸಿ, ಕಾಯಿಯನ್ನು ನಾಲ್ಕು ಬೆರಳಿಗಿಂತ ದಪ್ಪವಾಗದಂತೆ ಹರಡಿದೆವು. ಎರಡು ಪೆಡೆಸ್ಟಲ್ ಫ್ಯಾನು ಎದುರುಬದುರಾಗಿ ಇಡಲಿಲ್ಲ. ಒಂದೇ ದಿಕ್ಕಿಗೆ, ಬಾಗಿಲ ಕಡೆಗೆ. ಎದುರುಬದುರಾಗಿಟ್ಟರೆ ಬಿಸಿ ಗಾಳಿ ನಡುವೆಯೇ ಸುತ್ತುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮರದ ಹಲುಬೆಯಿಂದ ತಿರುವುವುದು, ಕೈಯಿಂದ ಉಜ್ಜುವ ಹಾಗಿಲ್ಲ. ಇಷ್ಟಕ್ಕೇ ಮುಕ್ಕಾಲು ಗಂಟೆಯಲ್ಲಿ 36 ಇದ್ದದ್ದು 22ಕ್ಕೆ ಇಳಿಯಿತು. ಹಿಂದಿನ ಸಂಜೆ ಇದೇ ಎರಡು ಫ್ಯಾನು ಆಫೀಸಿನಲ್ಲಿ ಸುಮ್ಮನೆ ನಿಂತಿದ್ದವು.

ವಿಂಗಡಣೆಗೆ ಕಣ್ಣನ್ನು ನಂಬಿದರೆ ಕೆಟ್ಟಿರಿ. ಬಿಸಿ ಹತ್ತಿದ ಕಾಯಿ ಮೊದಲ ಒಂದೆರಡು ಗಂಟೆ ಹಸಿರಾಗಿಯೇ ಕಾಣುತ್ತದೆ. ಕಾಯಿಯನ್ನು ಅಡ್ಡ ಮುರಿಯಬೇಕು. ‘ಟಪ್’ ಅಂದರೆ ಮೊದಲನೇ ಗುಂಪು, ಹಾಗೆಯೇ ಕೌಂಟರಿಗೆ. ಬಾಗಿ, ನಾರು ಎಳೆದು ಬಂದರೆ ಎರಡನೇ ಗುಂಪು. ಸಿಪ್ಪೆ ಹೋಗಿದೆ, ಕಾಳು ಚೆನ್ನಾಗಿದೆ, ತಕ್ಷಣ ಬಿಡಿಸಬೇಕು. ಒಳಗಿನ ಕಾಳಿನ ಮೊಳಕೆ ಕಣ್ಣಿನ ಹತ್ತಿರ ಲೋಳೆ ಇದ್ದರೆ, ಹುಳಿ ವಾಸನೆ ಇದ್ದರೆ ಮೂರನೆಯದು, ದನಕ್ಕೆ. ಹುಳದ ವಿಷಯ ಇದರ ಜೊತೆ ಬೆರೆಸಬಾರದು. ತೂತು ಇರುವ ಕಾಯಿಯಲ್ಲಿ ಹುಳ ಹೊರಗೆ ಹೋಗಿರಬಹುದು, ತೂತು ಇಲ್ಲದ್ದರಲ್ಲಿ ಒಳಗೇ ಕೂತಿರಬಹುದು. ಅದನ್ನು ಬಿಡಿಸುವಾಗಲೇ ನೋಡಬೇಕು. ಲೆಕ್ಕ ಕೊನೆಗೆ ನಿಂತದ್ದು ಹೀಗೆ: ಮೊದಲನೆಯದು 500 ಕೆಜಿ, ಎರಡನೆಯದು 440, ದನಕ್ಕೆ 270. ಹೊರಸಾಲಿನ ಚೀಲಗಳೇ ಬಹುತೇಕ ಮೊದಲ ಗುಂಪಿಗೆ ಬಂದವು. ಚಳಿ ತಾಗಿದ್ದು ಅವಕ್ಕೆ ಮಾತ್ರ.

440 ಕೆಜಿ ಬಿಡಿಸುವುದು ಸುಮ್ಮನೆ ಅಲ್ಲ. ಕೈ ಪಳಗಿದವರು ಗಂಟೆಗೆ ಐದು ಆರು ಕೆಜಿ ಕಾಯಿ ಬಿಡಿಸುತ್ತಾರೆ. ಮಹಿಳಾ ಗುಂಪಿನ ಹದಿನಾರು ಮಂದಿ ಕೂತರೂ ಐದು ಗಂಟೆ ಹಿಡಿಯಿತು. ಒಳ್ಳೆ ಮಾಲಿನಲ್ಲಿ ಕೆಜಿ ಕಾಯಿಗೆ 400 ಗ್ರಾಂ ಕಾಳು ಸಿಗುತ್ತದೆ, ಹುಳ ಜಾಸ್ತಿ ಇದ್ದರೆ 300ಕ್ಕೆ ಇಳಿಯುತ್ತದೆ. ನಮಗೆ ಸಿಕ್ಕಿದ್ದು 170 ಕೆಜಿ. ಬಿಡಿಸುವ ಕೂಲಿ ಕಾಯಿಯ ತೂಕಕ್ಕೋ ಕಾಳಿನ ತೂಕಕ್ಕೋ ಎಂದು ಮೊದಲೇ ಮಾತಾಡಿಕೊಳ್ಳಬೇಕು. ನಾವು ಆಡಿರಲಿಲ್ಲ. ಸಂಜೆ ಅದೊಂದು ಪಂಚಾಯ್ತಿ.

ಹಿತಕಿದ ಬೇಳೆಯಲ್ಲಿ, ಅಂದರೆ ನೆನೆಸಿ ಒತ್ತಿ ಸಿಪ್ಪೆ ಕಳಚಿದ ಕಾಳಿನಲ್ಲಿ, ಇನ್ನೊಂದು ಪಾಠ ಕಾದಿತ್ತು. ಬಲಿತ, ಆದರೆ ಸಿಪ್ಪೆ ಇನ್ನೂ ತೊಗಲಾಗದ ಕಾಳನ್ನು ಆರರಿಂದ ಎಂಟು ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿದರೆ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದಾಗ ಬೇಳೆ ತಾನೇ ಜಿಗಿಯುತ್ತದೆ. ಜ್ವರ ಬಂದು ಇಳಿದ ಕಾಳಿಗೆ ಈ ಲೆಕ್ಕ ನಡೆಯುವುದಿಲ್ಲ. ಶನಿವಾರ ಸಂಜೆ ಆರಕ್ಕೆ ನೆನೆಹಾಕಿದ ಟಬ್ಬಿನ ಮೇಲೆ ಹತ್ತಕ್ಕೇ ನೊರೆ. ನೊರೆ ಕಂಡರೆ ಹುಳಿ ಶುರುವಾಯಿತು ಎಂದೇ ಅರ್ಥ. ನೀರು ಚೆಲ್ಲಿ, ಎರಡು ಸಲ ಜಾಲಿಸಿ, ಉಳಿದದ್ದನ್ನು ಆ ರಾತ್ರಿಯೇ ಹಿತಕಬೇಕಾಯಿತು. ಬೇಳೆ ಜಿಗಿಯುವ ಬದಲು ಎರಡಾಗಿ ಒಡೆಯುತ್ತಿತ್ತು. ಒಡೆದ ಬೇಳೆ ಸಾರಿಗೆ ಸರಿ, ಹುರಿಗಾಳು ಮಿಕ್ಸ್ಚರ್ ಮಾಡುವವರು ಮುಟ್ಟುವುದಿಲ್ಲ.

ಪ್ಯಾಕಿಂಗಿನವರು ಅವಸರದಲ್ಲಿ ನೀರು ಬಸಿಯದೆ 250 ಗ್ರಾಂ ತೂಗಿ ಸೀಲ್ ಮಾಡಿಬಿಟ್ಟರು. ಬಿದಿರು ಬುಟ್ಟಿಯಲ್ಲಿ ಅರ್ಧ ಗಂಟೆ ಬಸಿದೇ ತೂಕಕ್ಕೆ ಹೋಗಬೇಕು ಎಂದು ಗೋಡೆಯ ಮೇಲೆ ಬರೆದೇ ಇದೆ. ಭಾನುವಾರ ಸದಸ್ಯರೊಬ್ಬರು ಪ್ಯಾಕೆಟ್ ವಾಪಸ್ ತಂದು ಮೂಲೆ ಕತ್ತರಿಸಿ ನಮ್ಮ ಕೌಂಟರಿನ ಮೇಲೇ ಬಗ್ಗಿಸಿದರು. ಎರಡು ಚಮಚ ನೀರು ಹರಿದು ತಕ್ಕಡಿಯ ಕೆಳಗೆ ಹೋಯಿತು. ಉಳಿದದ್ದು 231 ಗ್ರಾಂ. ಮೊದಲೇ ಕಟ್ಟಿದ ಪ್ಯಾಕೆಟ್ಟಿನ ಮೇಲೆ ನಿವ್ವಳ ತೂಕ ಎಂದು ಅಚ್ಚು ಹಾಕಿದ ಮೇಲೆ ಅದು ಕಾನೂನಿನ ಮಾತು. ಅವರು ತೂಕ ಮತ್ತು ಅಳತೆಯವರಿಗೆ ಫೋನ್ ಮಾಡದೆ ನಮಗೇ ತೋರಿಸಿದ್ದು ದೊಡ್ಡತನ.

ಹಬ್ಬ ಹೇಗಾಯಿತು ಎಂದರೆ, ಜನರಿಗೆ ಇದ್ಯಾವುದೂ ಗೊತ್ತಾಗಲಿಲ್ಲ ಎಂದೇ ಆಡಳಿತದವರ ವರದಿ. ಹಿತಕುವ ಸ್ಪರ್ಧೆಗೆ ನೂಕುನುಗ್ಗಲು. ತಲಾ 250 ಗ್ರಾಂ ನೆನೆದ ಕಾಳು, ಐದು ನಿಮಿಷ, ಒಡೆದ ಬೇಳೆ ಲೆಕ್ಕಕ್ಕಿಲ್ಲ. ಅದಕ್ಕೆ ಮಾತ್ರ ಜಾಣತನದಿಂದ ಹೊರಸಾಲಿನ ಕಾಳು ಎತ್ತಿಟ್ಟಿದ್ದೆವು. ಗೊತ್ತಾಗುವವರಿಗೆ ಗೊತ್ತಾಗಿತ್ತು. ಹತ್ತೂವರೆಗೆ ಒಬ್ಬ ಅಜ್ಜಿ ನೀರು ಬಿಟ್ಟ ಗುಡ್ಡೆಯಿಂದ ಎರಡು ಕಾಯಿ ತೆಗೆದು, ಅಂಗೈಯಲ್ಲಿ ಹೊಸಕಿ, ಕೈಯನ್ನು ನನ್ನ ಮೂಗಿನ ಹತ್ತಿರವೇ ಹಿಡಿದರು. ‘ಬೋರ್ಡಿನ ಮೇಲೆ ಸೊಗಡವರೆ ಅಂತ ಬರ್ದಿದೀಯ. ಎಲ್ಲಪ್ಪ?’ ಸೊಗಡಿಲ್ಲದ ಅವರೆ ಬೇಕಿದ್ದರೆ ಈಗ ವರ್ಷವಿಡೀ ಸಿಗುತ್ತದೆ. ಹಗಲು ಗಿಡ್ಡವಾಗುವುದನ್ನು ಕಾಯದೆ ಹೂ ಬಿಡುವ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಕೊಟ್ಟು ಎಷ್ಟೋ ಕಾಲವಾಯಿತು. ಜನವರಿಯಲ್ಲಿ ಹಬ್ಬ ಮಾಡುವುದೇ ಚಳಿ, ಇಬ್ಬನಿ, ಸೊಗಡಿಗೆ. ಅದನ್ನೇ ಪೈಪು ಹಿಡಿದು ತೊಳೆದಿದ್ದೆವು. ಆ ಗುಡ್ಡೆಯ ಬೋರ್ಡು ಬದಲಿಸಿ ‘ಅವರೆಕಾಯಿ’ ಎಂದಷ್ಟೇ ಬರೆದು ದರ ಇಳಿಸಿದೆವು. ಇಳಿಸುವುದಕ್ಕೂ ಸಿಸ್ಟಮ್ಮಿನಲ್ಲಿ ದಾರಿ ಇಲ್ಲ. ಪಿಎಲ್‌ಯು ದರ, ಅಂದರೆ ಪ್ರತಿ ಮಾಲಿನ ಬಿಲ್ಲಿಂಗ್ ಕೋಡಿಗೆ ಕಟ್ಟಿದ ದರ, ಬೆಳಗ್ಗೆ ಎಂಟಕ್ಕೆ ಲಾಕ್. ‘ಇತರೆ ತರಕಾರಿ’ ಕೋಡಿನಲ್ಲಿ ಬಿಲ್ ಹೊಡೆದೆವು. ಹೀಗಾಗಿ ಸಿಸ್ಟಮ್ ಪ್ರಕಾರ ಆ ದಿನ ನಮ್ಮಲ್ಲಿ ದಾಖಲೆಯ ‘ಇತರೆ ತರಕಾರಿ’ ಮಾರಾಟವಾಗಿದೆ, ಅವರೆ ಮಾತ್ರ ನಾಪತ್ತೆ.

ಬೆಳೆಗಾರರಿಗೆ ಗೇಟ್ ತೂಕಕ್ಕೇ ಪೂರ್ತಿ ಹಣ ಹೋಯಿತು, ಹೋಗಲೇಬೇಕಿತ್ತು. ಮಂಡಿಯವರ ಹಾಗೆ ಸೂಟು ಎಂದು ತೂಕದಲ್ಲಿ ಮುರಿಯುವುದಿಲ್ಲ ಎಂಬುದೇ ನಮ್ಮ ಸಂಘದ ಹೆಚ್ಚುಗಾರಿಕೆ. ಹಾಗಾಗಿ ಇಬ್ಬನಿಯ ತೂಕವೂ ನಮ್ಮದೇ ಶಾರ್ಟೇಜ್, ದನಕ್ಕೆ ಹೋದ 270 ಕೆಜಿಯೂ ನಮ್ಮದೇ. ವೇಸ್ಟೇಜ್ ವೋಚರಿನಲ್ಲಿ ಕಾರಣದ ಕಾಲಮ್ಮಿಗೆ ‘ಹವಾಮಾನ’ ಎಂದು ಬರೆಯಲು ಸಲಹೆ ಬಂತು. ಹವಾಮಾನದ್ದೇನೂ ತಪ್ಪಿರಲಿಲ್ಲ ಎಂದು ‘ದಾಸ್ತಾನು ಕ್ರಮದ ದೋಷ’ ಎಂದು ಬರೆದೆ. ಸಹಿ ನನ್ನದೇ, ಮೆಮೋನೂ ನನಗೇ.

ಈ ಸಲ ಅವರೆ ಮಧ್ಯಾಹ್ನ ಹನ್ನೆರಡರ ಮೇಲೆ ಬಂದರೆ ಗೇಟಿನಲ್ಲೇ ಚೀಲ ಬಿಚ್ಚಿ ಕೈ ಇಳಿಸಿ ನೋಡಿ, ಆಮೇಲೆ ತೂಕ. ಅಟ್ಟಿ ಎರಡಕ್ಕಿಂತ ಎತ್ತರವಿಲ್ಲ, ಸಾಲಿನ ನಡುವೆ ಒಬ್ಬ ಅಡ್ಡಡ್ಡ ನುಗ್ಗುವಷ್ಟು ಸಂದು, ಗೋಡೆಯಿಂದ ಒಂದು ಅಡಿ ದೂರ, ಕೆಳಗೆ ಮರದ ಪ್ಯಾಲೆಟ್. ರಾತ್ರಿ ಉಳಿಯುವ ಮಾಲು ಚೀಲದಲ್ಲಿ ಇರುವಂತಿಲ್ಲ, ಟೊಮೆಟೊ ಕ್ರೇಟಿಗೆ ಮುಕ್ಕಾಲು ಮಟ್ಟ ಸುರಿಯಬೇಕು. ತುಂಬ ತುಂಬಿದರೆ ಮೇಲಿನ ಕ್ರೇಟ್ ಕೆಳಗಿನ ಕಾಯಿಯನ್ನು ಜಜ್ಜುತ್ತದೆ. ಇಲಿಗೆ ಬಲೆ ಇದೆ, ಟಾರ್ಪಾಲಿನ ಕೆಲಸವಲ್ಲ ಅದು. ಹಬ್ಬದ ಲೋಡು ಎರಡು ದಿನಕ್ಕೆ ಒಡೆದಿದ್ದೇವೆ. ಎರಡನೇ ಬಾಡಿಗೆ ಆ 270 ಕೆಜಿಯ ಬೆಲೆಯ ಕಾಲುಭಾಗವೂ ಆಗಲಿಲ್ಲ. 60 ಹೊಸ ಕ್ರೇಟಿನ ಫೈಲು ಇನ್ನೂ ಮೇಜಿನಿಂದ ಮೇಜಿಗೆ ತಿರುಗುತ್ತಿದೆ.

ಉದ್ದ ಕಡ್ಡಿಯ ಥರ್ಮಾಮೀಟರಿಗೆ ಅದರ ಜೊತೆಗೇ ಇಂಡೆಂಟ್ ಹಾಕಿದ್ದೆ. ಅಕೌಂಟ್ಸಿನಿಂದ ಕೆಂಪು ಶಾಯಿಯ ಷರಾ ಹೊತ್ತು ವಾಪಸ್ ಬಂದಿದೆ: ‘ಯಾವ ಲೆಕ್ಕ ಶೀರ್ಷಿಕೆಗೆ? ಸಂಘದಲ್ಲಿ ಔಷಧಿ ವಿಭಾಗ ಇರುವುದಿಲ್ಲ.’ ಸದ್ಯಕ್ಕೆ ಹಾಲಿನ ಕೌಂಟರಿನದನ್ನೇ ಕೇಳಿ ತರುತ್ತೇವೆ, ಸಾಬೂನು ಹಾಕಿ ತೊಳೆದು ಕೊಡುವ ಷರತ್ತಿನ ಮೇಲೆ.